ಹೀರೋನ ಹೊಟ್ಟಿ ಗುಳಿಗ್ಯಾಗ ಸಿಗತೈತೇನು?

ಬನಹಟ್ಟಿಯ ಅಭಿಮಾನಿಯೊಬ್ಬರು ಬರೆದಿದ್ದಾರೆ: ‘ಸರ್, ನಮ್ಮ ಹೀರೋ ಮೂರು ತಿಂಗಳದಾಗ ಹೊಟ್ಟಿ ಕರಗಿಸಿದ್ನಲ್ರೀ, ಅಂವಾ ತೊಗೊಂಡ ಗುಳಿಗಿ ಹೆಸರು ನಿಮಗ ಗೊತ್ತಿರಬೇಕು. ದಯಮಾಡಿ ತಿಳಸ್ರಿ. ದೀಪಾವಳಿ ಮುಗದ ಕೂಡ್ಲೆ ನನ್ನ ಲಗ್ನ ಐತಿ.’

ಮೊದಲು ಲಗ್ನಕ್ಕೆ ಶುಭಾಶಯ! ಹಿಂದೆಲ್ಲ ಆ ಕಡೆಯ ಹುಡುಗರು ಕೇಳುತ್ತಿದ್ದದ್ದು ‘ಆ ನಾಯಕಿಗೆ ಮದುವೆ ಆಗಿದೆಯೇ?’, ‘ಈ ಫೈಟಿನಲ್ಲಿ ಡ್ಯೂಪ್ ಇದ್ದನೇ?’ ಅಂತ. ಈಗ ಕೇಳೋದು ಹೊಟ್ಟೆಯ ವಿಚಾರ. ಎರಡು ಸಾಲಿನಲ್ಲಿ ಉತ್ತರ ಗೀಚಿ ಕೈ ತೊಳೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬಸ್ಸು ಹತ್ತಿ ಜಮಖಂಡಿಯಲ್ಲಿ ಇಳಿದೇಬಿಟ್ಟೆ. ಅಲ್ಲಿಂದ ಬನಹಟ್ಟಿ, ಮುಧೋಳ, ಬೀಳಗಿ.

ಮೊದಲು ಸಿನಿಮಾದ ಮಾತು ಮುಗಿಸೋಣ. 2016ರ ‘ದಂಗಲ್’ ಚಿತ್ರಕ್ಕೆ ಆಮಿರ್ ಖಾನ್ 97 ಕಿಲೋ ತನಕ ದಪ್ಪಗಾದರು. ಮುದಿ ಪೈಲ್ವಾನನ ದೃಶ್ಯಗಳನ್ನೆಲ್ಲ ಮೊದಲು ತೆಗೆದು, ಸುಮಾರು ಐದು ತಿಂಗಳು ಬಿಟ್ಟು, ಮೈ ಇಳಿಸಿಕೊಂಡ ಮೇಲೆ ಹರೆಯದ ದೃಶ್ಯ ತೆಗೆದರು. ಹೇಳಿಕೊಡೋಕೆ ಒಬ್ಬ, ಅಳೆದು ಊಟ ಹಾಕೋಕೆ ಇನ್ನೊಬ್ಬ. ಹೊಟ್ಟೆ ಇಳಿಯೋ ತನಕ ಇಡೀ ಯೂನಿಟ್ಟು ಕಾಯುತ್ತದೆ! ನಿಮ್ಮ ಮಗ್ಗದ ಮಾಲಕರು ಐದು ದಿನ ಕಾಯ್ತಾರೇನು? ಮತ್ತೆ ಶರ್ಟು ಬಿಚ್ಚುವ ದೃಶ್ಯ ಇದ್ದರೆ ಹಿಂದಿನ ದಿನದಿಂದ ನೀರು ಕಡಿಮೆ ಮಾಡೋದು, ದೀಪಗಳನ್ನು ಓರೆಗೆ ಹಿಡಿಯೋದು, ಮೈಗೆ ಎಣ್ಣೆ... ಇವೆಲ್ಲ ಛಾಯಾಗ್ರಾಹಕರ ಮನೆಯ ಗುಟ್ಟು. ಎಲ್ಲ ಸೇರಿ ತೆರೆಯ ಮೇಲೆ ಮೂವತ್ತು ಸೆಕೆಂಡು. ನಮ್ಮ ಅಣ್ಣಾವ್ರು ‘ಕಾಮನಬಿಲ್ಲು’ ಚಿತ್ರದಲ್ಲಿ ಯೋಗಾಸನ ಹಾಕಿ ತೋರಿಸಿದಾಗ ಇಸವಿ 1983, ಅವರಿಗೆ ವಯಸ್ಸು 54. ಅದು ದಿನಾ ಬೆಳಗ್ಗೆ ಎದ್ದು ಮಾಡಿದ ಸಾಧನೆ, ಅಂಗಡಿಯಲ್ಲಿ ಸಿಕ್ಕಿದ್ದಲ್ಲ.

ಅಂದ ಹಾಗೆ ಬೀಳಗಿಯ ಗೆಳೆಯರೇ, ಹಿಂದಿ ಚಿತ್ರರಂಗವನ್ನೇ ಒಂದು ಕಾಲಕ್ಕೆ ಆಳಿದ ಅಮೀರಬಾಯಿ ಕರ್ನಾಟಕಿ ನಿಮ್ಮೂರಿನ ಮಗಳು. ಗೋಹರಬಾಯಿ ಆಕೆಯ ಸೋದರಿ. 1943ರ ‘ಕಿಸ್ಮತ್’ ಚಿತ್ರದ ಹಾಡು ಕೇಳಿದವರು ದನಿಯ ತೂಕ ನೋಡಿದರೇ ಹೊರತು ಸೊಂಟದ ಸುತ್ತಳತೆ ಕೇಳಲಿಲ್ಲ. ಇರಲಿ.

ಜಮಖಂಡಿಯ ಉಸ್ತಾದರು

ಜಮಖಂಡಿಯಲ್ಲಿ ಕುಸ್ತಿ ಆಡಿ ಬಿಟ್ಟ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಮಾತು ತೂಕಕ್ಕೆ ಬಂದ ಕೂಡಲೇ ನಕ್ಕರು. ‘ನಮ್ಮ ಕಾಲಕ್ಕ ತೂಕ ಹೆಚ್ಚ ಮಾಡ್ಕೊಳ್ಳೋದ ಕಷ್ಟ ಇತ್ತು, ಸಾಹೇಬ್ರ. ಈಗಿನ ಹುಡುಗ್ರು ಜೋಡಿಗೆ ತೂಕ ಕೂಡಬೇಕಂತ ಹಿಂದಿನ ರಾತ್ರಿ ನೀರಿನ ಗುಳಿಗಿ ನುಂಗ್ತಾರ.’

ನೀರಿನ ಗುಳಿಗಿ ಅಂದರೆ ಮೂತ್ರ ಹೆಚ್ಚು ಮಾಡೋ ಔಷಧ. ಹೃದಯ, ಕಿಡ್ನಿ ಕೆಟ್ಟು ಮೈಯಲ್ಲಿ ನೀರು ನಿಂತ ರೋಗಿಗಳಿಗೆ ಡಾಕ್ಟರು ಬರೆದು ಕೊಡೋದು. ಒಂದೇ ರಾತ್ರಿಯಲ್ಲಿ ಎರಡು ಕಿಲೋ ಇಳಿಯಬಹುದು, ಆದರೆ ಕೊಬ್ಬು ಒಂದು ತೊಲೆಯೂ ಕರಗಿರೋದಿಲ್ಲ! ಹೋಗೋದು ನೀರು, ಜೊತೆಗೆ ಪೊಟ್ಯಾಸಿಯಂ ಅನ್ನೋ ಲವಣ. ಅದು ಇಳಿದರೆ ಹೃದಯದ ತಾಳ ತಪ್ಪುತ್ತದೆ. ಕ್ರಿಕೆಟ್ ಹುಚ್ಚಿದ್ದವರಿಗೆ ನೆನಪಿರಬೇಕು, 2003ರ ವಿಶ್ವಕಪ್ಪಿನ ಹೊತ್ತಿಗೆ ಶೇನ್ ವಾರ್ನ್ ಸಿಕ್ಕಿಬಿದ್ದದ್ದು ಇಂಥ ನೀರಿನ ಗುಳಿಗೆಯಲ್ಲೇ. ಚೆನ್ನಾಗಿ ಕಾಣಲಿ ಅಂತ ಅಮ್ಮ ಕೊಟ್ಟಳು ಅಂದ. ಒಂದು ವರ್ಷ ನಿಷೇಧ! ಅಮ್ಮನ ಹೆಸರು ಹೇಳಿದರೂ ಬಿಡಲಿಲ್ಲ.

ಹೆಸರಿಲ್ಲದ ಡಬ್ಬಿ

ಬನಹಟ್ಟಿಯಲ್ಲಿ ಓಣಿಗೆ ಕಾಲಿಟ್ಟರೆ ಸಾಕು, ಎರಡೂ ಕಡೆ ಪವರ್‌ಲೂಮಿನ ಖಟಖಟ. ಅಂಥ ಒಂದು ಓಣಿಯ ಮಾಳಿಗೆ ಮೇಲೆ ಜಿಮ್ಮು. ಗೋಡೆ ತುಂಬ ನಮ್ಮ ನಾಯಕರ ಚಿತ್ರಗಳು. ಅಲ್ಲೊಬ್ಬ ಇಪ್ಪತ್ತೆರಡರ ಹುಡುಗ ಪರಿಚಯವಾದ. ರಾತ್ರಿ ಪಾಳಿ ಮಗ್ಗದ ಮೇಲೆ, ಬೆಳಗ್ಗೆ ಜಿಮ್ಮು. ಐದು ಅಡಿ ಏಳು ಅಂಗುಲ, 71 ಕಿಲೋ. ನನ್ನ ಕಣ್ಣಿಗೆ ತಕ್ಕ ಮೈಕಟ್ಟೇ. ಅವನ ಕಣ್ಣಿಗೆ ಮಾತ್ರ ದಪ್ಪ.

ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದ. ಹೆಸರಿಲ್ಲ, ಕಂಪನಿ ಇಲ್ಲ, ತಾರೀಖಿಲ್ಲ.

‘ಏನೋ ತಮ್ಮಾ ಇದು?’

‘ಫ್ಯಾಟ್ ಬರ್ನರ್ ಅಂತ್ರಿ ಅಣ್ಣಾರ. ಹೊರಗಿಂದ ಬರತೈತಿ. ಒಂದು ತೊಗೊಂಡ್ರ ಎದಿ ಢವಢವ ಅಂತೈತಿ, ಬೆವರು ಇಳಿತೈತಿ. ಅಂದ್ರ ಕೊಬ್ಬು ಸುಡಾಕತ್ತೈತಿ ಅಂತ ಲೆಕ್ಕ.’

‘ನಿದ್ದೆ?’

‘ನಿದ್ದಿ ಬರಾಂಗಿಲ್ರಿ. ಖರೇ ಹೇಳ್ಬೇಕಂದ್ರ ರಾತ್ರಿ ಪಾಳಿಗೆ ಅದ ಚಲೋ ಆಗೇತಿ.’

ನನಗೆ ನಗುವೂ ಬರಲಿಲ್ಲ, ಬೈಯೋಕೂ ಬಾಯಿ ಬರಲಿಲ್ಲ. ಹೆಸರಿಲ್ಲದ ಡಬ್ಬಿಯಲ್ಲಿ ಏನು ಬೇಕಾದರೂ ಇರಬಹುದು. ಬರೀ ಕೆಫೀನ್ ಇದ್ದರೆ ಪುಣ್ಯ. ಉಬ್ಬಸದ ಔಷಧ ಕ್ಲೆನ್‌ಬ್ಯುಟೆರಾಲ್, ಥೈರಾಯ್ಡ್ ಗುಳಿಗೆ, ಇಂಥವನ್ನೆಲ್ಲ ಕೊಬ್ಬು ಕರಗಿಸೋ ಹೆಸರಿನಲ್ಲಿ ಮಾರಿದ್ದು ಲೋಕದಲ್ಲಿ ಹೊಸದೇನಲ್ಲ. ಎಲ್ಲಕ್ಕಿಂತ ಭಯಂಕರವಾದ ಒಂದಿದೆ. ಬನಹಟ್ಟಿ ನೂಲಿನ, ಬಣ್ಣದ ಊರಾದ್ದರಿಂದ ಅದರ ಕಥೆ ಆ ಹುಡುಗನಿಗೆ ಹೇಳಿದೆ, ನಿಮಗೂ ಹೇಳ್ತೀನಿ.

ಹತ್ತಿ ನೂಲಿಗೆ ಕಪ್ಪು ಹಾಕುವ ಸಲ್ಫರ್ ಬ್ಲ್ಯಾಕ್ ಬಣ್ಣ ಇದೆಯಲ್ಲ, ಅದನ್ನು ತಯಾರಿಸೋದು ಡೈನೈಟ್ರೋಫಿನಾಲ್ ಅನ್ನೋ ಹಳದಿ ರಸಾಯನದಿಂದ. ಇದೇ ರಸಾಯನ ಮದ್ದುಗುಂಡಿಗೂ ಬೇಕು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಅದನ್ನು ಮುಟ್ಟಿ ಕೆಲಸ ಮಾಡಿದ ಕಾರ್ಮಿಕರು ಬೆವರಿ ಬೆವರಿ ಸೊರಗಿದರು, ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೇಂಟರ್ ಮತ್ತು ಕಟಿಂಗ್ ಇದನ್ನೇ ತೂಕ ಇಳಿಸೋ ಔಷಧ ಅಂತ ಪರೀಕ್ಷೆ ಮಾಡಿ ಬರೆದರು. ಅಷ್ಟೇ ಸಾಕಾಯಿತು, ಜನ ಮುಗಿಬಿದ್ದರು! ಎಷ್ಟೋ ಮಂದಿಗೆ ಹರೆಯದಲ್ಲೇ ಕಣ್ಣಿಗೆ ಪೊರೆ ಬಂತು, ಜ್ವರ ಏರಿ ಸತ್ತವರೂ ಇದ್ದಾರೆ. 1938ರಲ್ಲಿ ಅಲ್ಲಿನ ಸರ್ಕಾರ ಇದು ಮನುಷ್ಯರು ಸೇವಿಸೋ ವಸ್ತುವೇ ಅಲ್ಲ ಅಂದಿತು.

ಅದು ಕೆಲಸ ಮಾಡೋ ರೀತಿ ಮಗ್ಗದವರಿಗೆ ಬೇಗ ತಿಳಿದೀತು. ಮೋಟರಿಗೂ ಮಗ್ಗಕ್ಕೂ ನಡುವೆ ಇರೋ ಬೆಲ್ಟು ಕಳಚಿದರೆ ಏನಾಗ್ತದೆ? ಮೋಟರು ಭರ್ರನೆ ತಿರುಗುತ್ತೆ, ಕರೆಂಟು ಸುಡುತ್ತೆ, ಬಟ್ಟೆ ಒಂದು ಗೇಣೂ ಇಳಿಯಲ್ಲ. ಬರೀ ಬಿಸಿ. ಮೈಯ ಜೀವಕೋಶಗಳಲ್ಲಿ ಇದು ಮಾಡೋದೂ ಅದನ್ನೇ. ತಿಂದ ಅನ್ನ, ಕೂಡಿಟ್ಟ ಕೊಬ್ಬು ಎಲ್ಲ ಬರೀ ಬಿಸಿಯಾಗಿ ಹೋಗ್ತದೆ. ಒಳಗಿನ ಬೆಂಕಿ ಆರಿಸೋಕೆ ಪ್ರತಿಮದ್ದು ಇಲ್ಲ. ಇಂಥದ್ದು ಇಂಟರ್‌ನೆಟ್ಟಿನಲ್ಲಿ ಇವತ್ತಿಗೂ ‘ಫ್ಯಾಟ್ ಬರ್ನರ್’ ಹೆಸರಿನಲ್ಲಿ ಕದ್ದು ಮಾರಾಟವಾಗ್ತದೆ. ಬ್ರಿಟನ್ನಿನಲ್ಲಿ ಹುಡುಗ ಹುಡುಗಿಯರು ಸತ್ತ ಮೇಲೆ 2023ರ ಅಕ್ಟೋಬರಿನಿಂದ ಅದನ್ನು ವಿಷಗಳ ಪಟ್ಟಿಗೆ ಸೇರಿಸಿದರು.

ಹುಡುಗ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಇದರಾಗ ಅದ ಐತಂತೇನಿಲ್ಲಲ್ರೀ?’ ಅಂದ. ‘ಇಲ್ಲಂತ ಎಲ್ಲಿ ಬರದಾರ, ಓದಿ ಹೇಳು’ ಅಂದೆ.

ಬೆಳ್ಳಿತೆರೆಯ ಹಿಂದಿನ ಗುಳಿಗೆಗಳು

ಸಿನಿಮಾ ಮಂದಿಗೂ ಗುಳಿಗೆಗೂ ಹಳೆಯ ನಂಟು. ಹಾಲಿವುಡ್ಡಿನ ಜೂಡಿ ಗಾರ್ಲೆಂಡ್ 1939ರ ‘ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ನಟಿಸಿದಾಗ ಹದಿನಾರರ ಹುಡುಗಿ. ಹಸಿವು ಸಾಯಲಿ, ದಣಿವು ಕಾಣದಿರಲಿ ಅಂತ ಸ್ಟುಡಿಯೋದಲ್ಲಿ ಆಂಫೆಟಮೈನ್ ಗುಳಿಗೆ. ಅದರಿಂದ ನಿದ್ದೆ ಹಾರಿದರೆ ನಿದ್ದೆಗೆ ಇನ್ನೊಂದು ಗುಳಿಗೆ. ಆಕೆಯೇ ಮುಂದೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದಳು. 1969ರ ಜೂನಿನಲ್ಲಿ ಲಂಡನ್ನಿನಲ್ಲಿ ಸತ್ತಾಗ ವಯಸ್ಸು 47. ಕಾರಣ ನಿದ್ದೆ ಗುಳಿಗೆಯ ಮಿತಿಮೀರಿದ ಪ್ರಮಾಣ.

ಆಮೇಲೆ ಬಂದ ‘ಅದ್ಭುತ’ ಔಷಧಗಳೂ ಒಂದೊಂದಾಗಿ ಮಗುಚಿದವು. ಫೆನ್‌ಫ್ಲೂರಮೈನ್ ಹೃದಯದ ಕವಾಟ ಕೆಡಿಸಿತು, 1997ರಲ್ಲಿ ಅಮೆರಿಕದಲ್ಲಿ ವಾಪಸು. ರಿಮೋನಬಂಟ್ ಮನಸ್ಸು ಕೆಡಿಸಿ ಆತ್ಮಹತ್ಯೆಯ ಯೋಚನೆ ತಂದಿತು, 2009ರಲ್ಲಿ ಭಾರತದಲ್ಲಿ ನಿಷೇಧ. ಸಿಬುಟ್ರಮೈನ್ ಹೃದಯಾಘಾತ, ಲಕ್ವದ ಅಪಾಯ ಹೆಚ್ಚಿಸಿತು, 2011ರ ಫೆಬ್ರವರಿಯಲ್ಲಿ ಇಲ್ಲಿ ನಿಷೇಧ. ಈ ಕೊನೆಯದು ಬಹಳ ಕಿಲಾಡಿ. ನಿಷೇಧದ ನಂತರವೂ ‘ಬರೀ ಗಿಡಮೂಲಿಕೆ’ ಅಂತ ಮಾರೋ ಕ್ಯಾಪ್ಸೂಲುಗಳಲ್ಲಿ ಅಡಗಿ ಕೂತದ್ದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಹಿಡಿದಿದೆ. ಗಿಡದ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಗಿಡ ಇರಬೇಕಂತ ಇಲ್ಲ.

ನಮ್ಮ ಗಾಂಧಿನಗರದ ಮಾತಿಗೆ ಬಂದರೆ ನನ್ನ ಗಂಟಲು ಕಟ್ಟುತ್ತದೆ. ಬುಲೆಟ್ ಪ್ರಕಾಶ್! ಆ ದೊಡ್ಡ ಮೈ ತೆರೆಗೆ ಬಂದರೆ ಸಾಕು, ಗಾಂಧಿಕ್ಲಾಸು ನಗೋಕೆ ಶುರು ಮಾಡೋದು. ಅವರು ಐದು ತಿಂಗಳಲ್ಲಿ 35 ಕಿಲೋ ಇಳಿಸಿದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಲಿವರು, ಕಿಡ್ನಿ ಕೆಟ್ಟು 2020ರ ಏಪ್ರಿಲ್ 6ರಂದು ತೀರಿಕೊಂಡರು. ವಯಸ್ಸು 44. ತೂಕ ಇಳಿದದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ದಪ್ಪಗಿದ್ದರೆ ಆರೋಗ್ಯದ ಚಿಂತೆ, ತೆಳ್ಳಗಾದರೆ ಪಾತ್ರದ ಚಿಂತೆ... ನಗಿಸೋ ನಟನ ಈ ಸಂಕಟ ನಾವು ಪ್ರೇಕ್ಷಕರು ಯೋಚಿಸಿದ್ದೇ ಇಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆಯ ಚೇತನಾ ರಾಜ್ ಕೊಬ್ಬು ತೆಗೆಸೋ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡಳು. ಬರೀ 21ರ ಹುಡುಗಿ. ಟಿವಿಯಲ್ಲಿ ಆಕೆಯನ್ನು ನೋಡಿದ ಯಾರಿಗಾದರೂ ಆಕೆ ದಪ್ಪ ಅನ್ನಿಸಿತ್ತೇ?

ಮುಧೋಳದ ಔಷಧ ಅಂಗಡಿ

ಹಾಗಾದರೆ ನಿಜವಾದ ಔಷಧವೇ ಇಲ್ಲವೇ? ಇದೆ. ಮುಧೋಳದ ಒಂದು ಮೆಡಿಕಲ್ ಅಂಗಡಿಯ ಮಾಲಕರು ಸಾವಧಾನದಿಂದ ವಿವರಿಸಿದರು. ಡಾಕ್ಟರ ಚೀಟಿ ಇಲ್ಲದೆ ಕೊಡದ ಮನುಷ್ಯ. ‘ಮುಧೋಳ ನಾಯಿ ಹುಟ್ಟೇ ತೆಳ್ಳಗ ಇರತೈತ್ರಿ. ನಾವು ಅದರಂಗ ಆಗಬೇಕಂದ್ರ ಹೆಂಗ?’ ಅಂತ ಶುರು ಮಾಡಿದರು!

ಒಂದು, ಆರ್ಲಿಸ್ಟ್ಯಾಟ್. 120 ಮಿಲಿಗ್ರಾಂ ಗುಳಿಗೆ, ಊಟದ ಜೊತೆ. ತಿಂದ ಎಣ್ಣೆ ಜಿಡ್ಡಿನಲ್ಲಿ ಮೂರನೇ ಒಂದು ಪಾಲು ಮೈಗೆ ಹತ್ತದ ಹಾಗೆ ತಡೆಯುತ್ತದೆ. ತಡೆದ ಎಣ್ಣೆ ಎಲ್ಲಿ ಹೋಗಬೇಕು? ಹೊರಗೇ! ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಮೇಲೆ ಎರಡು ಮಿರ್ಚಿ ಹೊಡೆದು ಈ ಗುಳಿಗೆ ನುಂಗಿದವನು ಬೀಳಗಿ ಬಸ್ಸು ಹತ್ತದಿದ್ದರೆ ಒಳ್ಳೆಯದು. ಪ್ಯಾಂಟೇ ಸಾಕ್ಷಿ ಹೇಳುತ್ತದೆ. ಇಷ್ಟು ಮಾಡಿ ವರ್ಷಕ್ಕೆ ಸಿಗೋ ಹೆಚ್ಚಿನ ಲಾಭ ಸುಮಾರು 3 ಕಿಲೋ.

ಎರಡು, ಈಗ ಎಲ್ಲರ ಬಾಯಲ್ಲಿರೋ ವಾರದ ಸೂಜಿ. ಟರ್ಜೆಪಟೈಡ್ ಅನ್ನೋದು ಮೌಂಜಾರೋ ಹೆಸರಿನಲ್ಲಿ 2025ರ ಮಾರ್ಚಿನಲ್ಲೂ, ಸೆಮಾಗ್ಲುಟೈಡ್ ಅನ್ನೋದು ವೆಗೋವಿ ಹೆಸರಿನಲ್ಲಿ ಅದೇ ವರ್ಷದ ಜೂನಿನಲ್ಲೂ ನಮ್ಮ ದೇಶಕ್ಕೆ ಬಂದವು. ಉಂಡ ಮೇಲೆ ಕರುಳು ‘ಸಾಕಪ್ಪಾ’ ಅಂತ ಮಿದುಳಿಗೆ ಕಳಿಸೋ ಸುದ್ದಿಯನ್ನೇ ನಕಲು ಮಾಡೋ ಔಷಧ ಇವು. ದೊಡ್ಡ ಪರೀಕ್ಷೆಗಳಲ್ಲಿ ಒಂದೂವರೆ ವರ್ಷದ ಆಸುಪಾಸಿನಲ್ಲಿ ತೂಕದ ನೂರಕ್ಕೆ 15ರಿಂದ 20 ಪಾಲು ಇಳಿದದ್ದು ನಿಜ. ಇದೇ ಬಳಗದ ಮೊದಲ ಔಷಧ, 2005ರಲ್ಲಿ ಬಂದದ್ದು, ಹುಟ್ಟಿದ್ದು ಅಮೆರಿಕದ ಮರಳುಗಾಡಿನ ಒಂದು ವಿಷಹಲ್ಲಿಯ ಜೊಲ್ಲಿನಿಂದ ಅಂದರೆ ನಂಬ್ತೀರಾ? ಯಾವ ಕಥೆಗಾರನಿಗೂ ಹೊಳೆಯದ ಟ್ವಿಸ್ಟು!

ಆದರೆ ಇದು ಲಗ್ನಕ್ಕೆ, ಜಾತ್ರೆಗೆ ಚುಚ್ಚಿಸಿಕೊಳ್ಳೋದಲ್ಲ. ನಮ್ಮ ಜಿಮ್ಮಿನ ಹುಡುಗನ ಎತ್ತರದವನು ಸುಮಾರು 87 ಕಿಲೋ ಮುಟ್ಟಿದ್ದರೆ, ಅಥವಾ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದು 78 ಮುಟ್ಟಿದ್ದರೆ ಡಾಕ್ಟರು ಯೋಚನೆ ಮಾಡ್ತಾರೆ. ವಾಕರಿಕೆ, ವಾಂತಿ ಸಾಮಾನ್ಯ. ಪಿತ್ತಕೋಶದಲ್ಲಿ ಕಲ್ಲು, ಮೇದೋಜೀರಕದ ಊತ ಕೆಲವರಿಗೆ. ಮನೆತನದಲ್ಲಿ ಒಂದು ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮುಟ್ಟಲೇಬಾರದು. ಜಿಮ್ಮಿನವರಿಗೆ ಇನ್ನೂ ಕೆಟ್ಟ ಸುದ್ದಿ ಇದೆ: ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ! ಎರಡು ವರ್ಷ ಬೆವರಿಳಿಸಿ ಬೆಳೆಸಿದ ತೋಳು ನಿಮ್ಮ ದುಡ್ಡಿನಲ್ಲೇ ಇಳಿದು ಹೋಗ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ತೂಕ ತಿರುಗಿ ಬಂದದ್ದೂ ಪರೀಕ್ಷೆಯಲ್ಲಿ ಕಂಡಿದೆ. ಬೆಲೆಯ ಮಾತೋ, ಮೌಂಜಾರೋ ಬಂದ ಹೊಸದರಲ್ಲಿ ಶುರುವಿನ ಒಂದು ಸೂಜಿಗೇ 3,500 ರೂಪಾಯಿ, ತಿಂಗಳಿಗೆ 14,000. ಆ ಲೆಕ್ಕ ಕೇಳಿದರೆ ಮಗ್ಗದ ಹುಡುಗನ ಹಸಿವು ಸೂಜಿ ಇಲ್ಲದೆಯೇ ಸತ್ತೀತು.

ಅಂಗಡಿಯವರು ಒಂದು ಗುಳಿಗೆ ಪಟ್ಟಿ ನನ್ನ ಕೈಗಿಟ್ಟು ತೋರಿಸಿದರು. ಔಷಧದ ಹೆಸರು, ತಯಾರಿಸಿದವರ ವಿಳಾಸ, ಬ್ಯಾಚ್ ನಂಬರು, ಅವಧಿ ಮುಗಿಯೋ ತಿಂಗಳು, ‘ಆರ್‌ಎಕ್ಸ್’ ಗುರುತು. ‘ಇಷ್ಟು ಇದ್ದರ ಇದು ಔಷಧ ಅಂತ ಗೊತ್ತಾಗತೈತಿ. ನಿಮಗ ಹೌದೋ ಅಲ್ಲೋ ಅನ್ನೋದು ಡಾಕ್ಟರ್ ಹೇಳಬೇಕು. ಆ ಡಬ್ಬಿದಾಗ ಇಷ್ಟೂ ಇಲ್ಲಲ್ರೀ...’

ಬೀಳಗಿಯಲ್ಲಿ ಸಿಕ್ಕವರು ಐವತ್ತರ ಸಮೀಪದ ಒಬ್ಬ ಕಬ್ಬಿನ ರೈತರು. ಹತ್ತು ವರ್ಷದ ಸಕ್ಕರೆ ಕಾಯಿಲೆ, ನೂರು ದಾಟಿದ ತೂಕ, ಮೊಣಕಾಲು ನೋವು. ಬಾಗಲಕೋಟೆಯ ಡಾಕ್ಟರು ರಕ್ತ ಪರೀಕ್ಷೆ ಎಲ್ಲ ಮಾಡಿಸಿ ಸೂಜಿ ಬರೆದಿದ್ದಾರೆ. ತಿಂಗಳಿಗೊಮ್ಮೆ ಹೋಗಿ ತೋರಿಸುತ್ತಾರೆ. ಮಗ ದುಡ್ಡು ಕಳಿಸುತ್ತಾನೆ. ಮೊದಲ ತಿಂಗಳು ವಾಂತಿಯಿಂದ ಸಾಕು ಸಾಕಾಯಿತಂತೆ. ಈಗ ಸಕ್ಕರೆ ಹತೋಟಿಗೆ ಬಂದಿದೆ, ಹನ್ನೊಂದು ಕಿಲೋ ಇಳಿದಿದೆ, ಹೊಲದ ಬದುವಿನ ಮೇಲೆ ಕೋಲಿಲ್ಲದೆ ನಡೆಯುತ್ತಾರೆ.

‘ನನ್ನ ತಂಗಿ ಮಗ ಬಂದಿದ್ನಿರಿ’ ಅಂದರು. ‘ಕಾಲೇಜ ಹುಡುಗ, ಕಡ್ಡಿಯಂಗ ಅದಾನ. ಮಾಮಾ, ನಿಮ್ದು ಒಂದ ಸೂಜಿ ನನಗ ಕೊಡು, ರೀಲ್ಸ್ ಮಾಡೋದೈತಿ ಅಂದ. ಫ್ರಿಜ್ಜಿಗೆ ಕೀಲಿ ಹಾಕ್ಸೇನ್ರೀ.’

ಒಳಗಿಂದ ಅವರ ಮನೆಯವರು ಎರಡು ರೊಟ್ಟಿ, ಹೆಸರುಕಾಳು ಪಲ್ಯ ತಂದಿಟ್ಟರು. ಅವರು ಒಂದು ರೊಟ್ಟಿ ಮುಗಿಸಿ ಇನ್ನೊಂದನ್ನು ನನ್ನ ತಾಟಿಗೆ ಹಾಕಿದರು.