ತೆಳುಗಾಳಿಯ ನಾಡಿಗೆ ಬೈಕಿನಲ್ಲಿ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಎದುರು ಹಾದುಹೋಗುವ ಹೊಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 44ರ ಒಂದು ತುಂಡು. ಅದೇ ಹೆದ್ದಾರಿಯನ್ನು ಉತ್ತರಕ್ಕೆ ಹಿಡಿದು ಹೆಬ್ಬಾಳ, ಚಿಕ್ಕಬಳ್ಳಾಪುರ, ಹೈದರಾಬಾದ್, ನಾಗಪುರ, ದೆಹಲಿ ದಾಟಿ ಹೋದರೆ ಶ್ರೀನಗರ ಬರುತ್ತದೆ. ಪೀಣ್ಯದ ತುಮಕೂರು ರಸ್ತೆ ಹೆದ್ದಾರಿ 48. ಅದು ಪುಣೆ, ಮುಂಬೈ, ಜೈಪುರದ ಮೇಲೆ ಹಾದು ದೆಹಲಿ ಮುಟ್ಟುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಈ ಎರಡು ರಸ್ತೆಗಳಲ್ಲೂ ಹಿಂದೆ ಮುಂದೆ ಸಾಮಾನು ಬಿಗಿದ ಬೈಕುಗಳು ಕಾಣಿಸತೊಡಗುತ್ತವೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರು, ಪೀಣ್ಯದಲ್ಲಿ ಸಿಎನ್‌ಸಿ ಮಷೀನಿನ ಮೇಲೆ ನಿಲ್ಲುವ ಹುಡುಗ, ಇಬ್ಬರೂ ಲಡಾಖಿನ ದಾರಿಯಲ್ಲಿರುತ್ತಾರೆ. ಜೊತೆಗೆ ಗೈಡ್ ಇಲ್ಲ, ಹಿಂದೆ ಮೆಕ್ಯಾನಿಕ್ಕನ್ನು ಕೂರಿಸಿಕೊಂಡ ವ್ಯಾನ್ ಇಲ್ಲ.

ಹೊರಡುವ ಮುಂಚಿನ ತಿಂಗಳುಗಳ ಮಾತೆಲ್ಲ ಬೈಕಿನ ಸುತ್ತಲೇ ಇರುತ್ತದೆ: ಯಾವ ಟಯರು, ಯಾವ ಆಯಿಲ್, ಯಾವ ಜಾಕೆಟ್. ಬೈಕು ಮುಖ್ಯ, ನಿಜ. ಆದರೆ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯ ಕೊನೆಯ ನಾನೂರು, ಐನೂರು ಕಿಲೋಮೀಟರುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಬೈಕಲ್ಲ. ಅದರ ಮೇಲೆ ಕುಳಿತವರ ಮಿದುಳು.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ, ಶೇ. 21. ಎತ್ತರಕ್ಕೆ ಹೋದಂತೆ ಕಡಿಮೆಯಾಗುವುದು ಒತ್ತಡ. ಹಾಗಾಗಿ ಒಂದು ಉಸಿರಿನಲ್ಲಿ ಒಳಹೋಗುವ ಆಮ್ಲಜನಕದ ಅಣುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿನ ಒಂದು ಉಸಿರಿನ ಆಮ್ಲಜನಕವನ್ನು ನೂರು ಎಂದಿಟ್ಟುಕೊಂಡರೆ, 3,500 ಮೀಟರಿನ ಲೇಹ್ ಪಟ್ಟಣದಲ್ಲಿ ಸಿಗುವುದು 70ರ ಆಸುಪಾಸು. ಖರ್ದುಂಗ್ ಲಾ ಘಾಟಿಯ ನೆತ್ತಿಯಲ್ಲಿ ಸುಮಾರು 55. (ಅಲ್ಲಿನ ಹಳೆಯ ಹಳದಿ ಫಲಕ 18,380 ಅಡಿ ಎನ್ನುತ್ತಿತ್ತು, ಅಳತೆಗಳ ಪ್ರಕಾರ ಎತ್ತರ 5,359 ಮೀಟರ್, ಅಂದರೆ ಸುಮಾರು 17,600 ಅಡಿ. ಉಸಿರಾಡುವವರಿಗೆ ಅಷ್ಟೂ ಸಾಕುಸಾಕು.)

ಈ ಕೊರತೆಯನ್ನು ಬೆಂಗಳೂರಿನಲ್ಲೇ ಅಳೆದು ನೋಡುವ ಒಂದು ಜಾಗವಿದೆ. ಮಾರತಹಳ್ಳಿ ಕಡೆಯಿಂದ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಂದರೆ ವಿಮಾನಪುರದಲ್ಲಿ ಸಿಗುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಅದು. ಗಗನಯಾನಕ್ಕೆ ಹೋಗಬೇಕಾದ ಪೈಲಟ್‌ಗಳ ಆಯ್ಕೆಯ ಪರೀಕ್ಷೆಗಳು ನಡೆದದ್ದು ಇಲ್ಲಿಯೇ. ಗಾಳಿಯನ್ನು ಹೊರಗೆಳೆದು ಒತ್ತಡ ತಗ್ಗಿಸುವ ಕೋಣೆ ಇಲ್ಲಿದೆ. ಅದರೊಳಗೆ ಪೈಲಟ್‌ಗಳನ್ನು ಕೂರಿಸಿ, ಆಮ್ಲಜನಕ ಕಡಿಮೆಯಾದಾಗ ತಮಗೆ ಏನಾಗುತ್ತದೆ ಎಂಬುದನ್ನು ಅವರಿಗೇ ತೋರಿಸಿಕೊಡುತ್ತಾರೆ. ಇಂಥ ತರಬೇತಿಯ ಸಾರ ಒಂದೇ: ಆಮ್ಲಜನಕದ ಕೊರತೆ ನೋವಿನಂತೆ ಬಂದು ಎಚ್ಚರಿಸುವುದಿಲ್ಲ. ಲೆಕ್ಕ ತಪ್ಪುತ್ತದೆ, ಕೈಬರಹ ಕೆಡುತ್ತದೆ, ಒಂದೇ ಕೆಲಸಕ್ಕೆ ಮನಸ್ಸು ಅಂಟಿಕೊಳ್ಳುತ್ತದೆ. ಆದರೂ ಆ ವ್ಯಕ್ತಿಗೆ ತಾನು ಚೆನ್ನಾಗಿಯೇ ಇದ್ದೇನೆ ಎನ್ನಿಸುತ್ತಿರುತ್ತದೆ. ತಪ್ಪನ್ನು ಹಿಡಿಯಬೇಕಾದ ಮಿದುಳೇ ತಪ್ಪು ಮಾಡುತ್ತಿರುತ್ತದಲ್ಲ!

ಬೈಕ್ ಸವಾರರು ಹೋಗುವ ಎತ್ತರ ಯುದ್ಧವಿಮಾನದ್ದಲ್ಲ. ಅಲ್ಲಿ ಯಾರೂ ನಿಮಿಷಗಳಲ್ಲಿ ಎಚ್ಚರ ತಪ್ಪುವುದಿಲ್ಲ. ಆದರೆ ನಿದ್ದೆ ಕೆಟ್ಟು, ನೀರು ಸಾಲದೆ, ದಿನವಿಡೀ ಕಲ್ಲುದಾರಿಯಲ್ಲಿ ಕೈ ಸೋತವರಿಗೆ ನಾಲ್ಕೂವರೆ ಸಾವಿರ ಮೀಟರಿನಲ್ಲಿ ಬರುವ ಮಂಕು ಸಣ್ಣದೇನಲ್ಲ. ಸಂಜೆ ನಾಲ್ಕಕ್ಕೆ ಉಕ್ಕಿದ ಹಳ್ಳವನ್ನು ಈಗಲೇ ದಾಟೋಣ ಎನ್ನುವುದು, ತಲೆನೋವಿಗೆ ಮಾತ್ರೆ ನುಂಗಿ ಇನ್ನೊಂದು ಘಾಟಿ ಹತ್ತೋಣ ಎನ್ನುವುದು, ಇಂಥ ತೀರ್ಮಾನಗಳು ಹುಟ್ಟುವುದು ಆ ಮಂಕಿನಲ್ಲಿ. ಆದ್ದರಿಂದ ಮೇಲೆ ತೆಗೆದುಕೊಳ್ಳಬೇಕಾದ ನಿರ್ಧಾರಗಳಲ್ಲಿ ಎಷ್ಟನ್ನು ಸಾಧ್ಯವೋ ಅಷ್ಟನ್ನು 900 ಮೀಟರಿನಲ್ಲಿ, ಮಿದುಳಿಗೆ ತುಂಬ ಆಮ್ಲಜನಕ ಸಿಗುತ್ತಿರುವಾಗಲೇ ಮಾಡಿ ಬರೆದಿಡಬೇಕು. ಇಂಥ ಪ್ರಯಾಣದ ತಯಾರಿ ಎಂದರೆ ನನ್ನ ಪ್ರಕಾರ ಮುಖ್ಯವಾಗಿ ಇದೇ.

ತೆಳುಗಾಳಿಗೆ ದೇಹವನ್ನು ಮೊದಲೇ ಪಳಗಿಸಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ ಅದು ಆಗದ ಮಾತು. ನಮ್ಮ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ತೆಳುಗಾಳಿಯಿಂದ ಬರುವ ಪರ್ವತದ ಕಾಯಿಲೆ ಶುರುವಾಗುವುದೇ ಸುಮಾರು 2,500 ಮೀಟರಿನ ನಂತರ. ದಿನಾ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡುವವರಿಗೂ ರಿಯಾಯಿತಿ ಇಲ್ಲ. 1969ರಲ್ಲಿ ಇಂದರ್ ಸಿಂಗ್ ಮತ್ತು ಸಂಗಡಿಗರು ಹಿಮಾಲಯಕ್ಕೆ ಹೋಗಿದ್ದ 1,925 ಸೈನಿಕರ ಅನುಭವವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಈ ಕಾಯಿಲೆಯ ಬಗ್ಗೆ ಜಗತ್ತು ಇವತ್ತಿಗೂ ಓದುವ ಲೇಖನ ಅದು. ಅಲ್ಲಿ ನರಳಿದವರು ಸೇನೆಯ ಗಟ್ಟಿಮುಟ್ಟಾದ ಆಳುಗಳು.

ಇನ್ನು ಬೈಕಿಗೆ ಬರೋಣ. ಎಂಜಿನ್ನಿಗೂ ಗಾಳಿ ಬೇಕು. ತೆಳುಗಾಳಿಯಲ್ಲಿ ಅದರ ಶಕ್ತಿಯೂ ಕುಸಿಯುತ್ತದೆ. 24 ಅಶ್ವಶಕ್ತಿಯ ಬೈಕು ಖರ್ದುಂಗ್ ಲಾದಲ್ಲಿ ಹದಿಮೂರು, ಹದಿನಾಲ್ಕಕ್ಕೆ ಇಳಿಯುತ್ತದೆ. ಆದರೆ ಬೇಕಾಗುವುದೆಷ್ಟು? ಬೈಕು 200 ಕಿಲೋ, ಸವಾರ 75, ಸಾಮಾನು 40 ಎಂದಿಟ್ಟುಕೊಂಡು, ನೂರು ಮೀಟರಿಗೆ ಹತ್ತು ಮೀಟರ್ ಏರುವ ಕೆಟ್ಟ ರಸ್ತೆಯನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತುವುದನ್ನು ಲೆಕ್ಕ ಹಾಕಿದರೆ ಬರುವುದು ಸುಮಾರು ಮೂರೂಕಾಲು ಅಶ್ವಶಕ್ತಿ. ಅರ್ಧ ಶಕ್ತಿ ಕಳೆದುಕೊಂಡ ಎಂಜಿನ್ನಿಗೂ ಇದು ಭಾರವಲ್ಲ. ತೊಂದರೆ ಬರುವುದು ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ತಿಣುಕಿದಾಗ ಸವಾರ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಮೈಲುಗಟ್ಟಲೆ ಹತ್ತುವುದರಿಂದ. ಪ್ಲೇಟು ಸುಟ್ಟು ಬೈಕು ನಿಲ್ಲುತ್ತದೆ. ಮೊದಲ ಗೇರಿಗೆ ಇಳಿಸಿ, ಕ್ಲಚ್ಚಿನಿಂದ ಕೈ ತೆಗೆಯುವ ಅಭ್ಯಾಸವನ್ನು ಮಾಗಡಿ, ಕನಕಪುರದ ಕಡೆಯ ಏರುದಾರಿಗಳಲ್ಲಿ ಸಾಮಾನು ಹೇರಿಕೊಂಡೇ ಮಾಡಬಹುದು. ಪಶ್ಚಿಮಘಟ್ಟದ ಶೋಲಾ ಹುಲ್ಲುಗಾವಲಿನ ಮೇಲೆ ಮಾತ್ರ ದಯವಿಟ್ಟು ಬೇಡ. ಚಕ್ರ ಕೊರೆದ ಗಾಲಿಜಾಡಿನಲ್ಲಿ ಮಳೆಗಾಲದ ನೀರು ಹರಿದು ಮಣ್ಣನ್ನೇ ಕಿತ್ತೊಯ್ಯುತ್ತದೆ.

ಹಿಂದೆ ಕಾರ್ಬುರೇಟರಿನ ಕಾಲದಲ್ಲಿ, ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನೋ ಹಳೆಯ ಬುಲೆಟ್ಟನ್ನೋ ಒಯ್ದವರಿಗೆ ಇನ್ನೊಂದು ತಲೆನೋವಿತ್ತು. ಗಾಳಿ ತೆಳುವಾದರೂ ಪೆಟ್ರೋಲು ಅದಕ್ಕೆ ತಕ್ಕಷ್ಟು ಕಡಿಮೆಯಾಗದೆ ಪ್ಲಗ್ಗು ಕಪ್ಪಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಇಂಜೆಕ್ಷನ್ ಬೈಕುಗಳೇ ಹೆಚ್ಚು. ಗಾಳಿಯ ಒತ್ತಡವನ್ನು ಸೆನ್ಸರ್ ಅಳೆದು ಪೆಟ್ರೋಲನ್ನು ತಾನೇ ಹೊಂದಿಸುತ್ತದೆ.

ಟಯರಿನ ಗಾಳಿಯ ಲೆಕ್ಕ ನನಗೆ ತುಂಬ ಇಷ್ಟದ್ದು. ಎತ್ತರಕ್ಕೆ ಹೋದರೆ ಟಯರು ಉಬ್ಬುತ್ತದೆ, ಗಾಳಿ ಬಿಡಬೇಕು ಎಂಬ ಮಾತು ಚಾಲ್ತಿಯಲ್ಲಿದೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಬೆಂಗಳೂರಿನಲ್ಲಿ ಹೊರಗಿನದು ಸುಮಾರು 13 ಪಿಎಸ್‌ಐ. ಗೇಜಿನಲ್ಲಿ 29 ಎಂದರೆ ಒಳಗಿರುವುದು 42. ಖರ್ದುಂಗ್ ಲಾದಲ್ಲಿ ಹೊರಗಿನದು ಏಳೂವರೆಗೆ ಇಳಿಯುವುದರಿಂದ ಗೇಜು 34 ದಾಟಬೇಕು. ಆದರೆ ಇಲ್ಲಿ 30 ಡಿಗ್ರಿ ಸೆಖೆಯಲ್ಲಿ ತುಂಬಿದ ಗಾಳಿ ಅಲ್ಲಿ ಸೊನ್ನೆ ಡಿಗ್ರಿಗೆ ತಣಿದಾಗ ಒಳಗಿನ 42 ಕೂಡ 38ಕ್ಕೆ ಕುಗ್ಗುತ್ತದೆ. ಗೇಜು ತೋರಿಸುವುದು ಮೂವತ್ತೂವರೆ! ಎತ್ತರ ಕೊಟ್ಟದ್ದನ್ನು ಚಳಿ ಬಹುಪಾಲು ಕಿತ್ತುಕೊಂಡಿತು. ಊಹೆಯ ಮೇಲೆ ಗಾಳಿ ಬಿಡಬಾರದು, ಬೆಳಗಿನ ತಣ್ಣನೆಯ ಟಯರಿಗೆ ಗೇಜು ಹಿಡಿದು ನೋಡಬೇಕು. ಅಂಗೈಯಗಲದ ಗೇಜೂ ಕೈಪಂಪೂ ಸಾಮಾನಿನಲ್ಲಿರಲಿ.

ಬೈಕಿನಲ್ಲಿ ಮುರಿಯುವುದು ಹೆಚ್ಚಾಗಿ ನಾವು ಹೊಸದಾಗಿ ಸೇರಿಸಿದ ಭಾಗ. ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಕೆಲಸ ಮಾಡುವವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಗು ಹೊರುವ ಕ್ಯಾರಿಯರ್ ಒಂದೇ ಏಟಿಗೆ ಮುರಿಯುವುದಿಲ್ಲ. ಗುಂಡಿಯ ದಾರಿಯಲ್ಲಿ ಲಕ್ಷಾಂತರ ಸಲ ಸ್ವಲ್ಪಸ್ವಲ್ಪವೇ ಬಾಗಿ, ವೆಲ್ಡಿಂಗಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಅಂಚಿನಲ್ಲೇ ಯಾಕೆಂದರೆ ಆಕಾರ ತಟ್ಟನೆ ಬದಲಾಗುವಲ್ಲಿ ಒತ್ತಡ ಒಟ್ಟುಗೂಡುತ್ತದೆ, ಬೆಂಕಿಯ ಕಾವು ತಗುಲಿದ ಲೋಹದ ಗುಣವೂ ಬದಲಾಗಿರುತ್ತದೆ. ಅಲ್ಯೂಮಿನಿಯಂ ಹಗುರ, ನೋಡಲೂ ಚೆಂದ. ಆದರೂ ಕ್ಯಾರಿಯರ್ ಮೈಲ್ಡ್ ಸ್ಟೀಲಿನದೇ ಆಗಲಿ ಎನ್ನುತ್ತೇನೆ. ಮೈಲ್ಡ್ ಸ್ಟೀಲನ್ನು ದಾರಿಬದಿಯ ಊರಿನ ಸಾಧಾರಣ ವೆಲ್ಡಿಂಗ್ ಅಂಗಡಿಯವನೂ ಕೂಡಿಸಿಕೊಡುತ್ತಾನೆ. ಅಲ್ಯೂಮಿನಿಯಂಗೆ ಬೇರೆಯೇ ಮಷೀನು, ಬೇರೆ ಕೈ ಬೇಕು. ನಟ್ಟುಗಳು ನೈಲಾನ್ ಬಳೆಯವು, ಅಂದರೆ ನೈಲಾಕ್ ಇರಲಿ. ಭಾರದ್ದೆಲ್ಲ ಕೆಳಗೆ, ಸೀಟಿಗೆ ಹತ್ತಿರ. ಹೊಸ ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿ ಸುತ್ತಿಡುವ ಬದಲು ಹಳೆಯದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಡುವುದು ಅನುಭವಸ್ಥರ ರೂಢಿ. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

ದಾರಿ ಹುಡುಕುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಷ್ಟು ಓದಿದವರಲ್ಲೂ ಇದೆ: ನೆಟ್‌ವರ್ಕ್ ಹೋದರೆ ಜಿಪಿಎಸ್ ಕೂಡ ಹೋಗುತ್ತದೆ ಎಂದು. ಹಾಗಿಲ್ಲ. ಫೋನು ಉಪಗ್ರಹಗಳಿಗೆ ಏನನ್ನೂ ಕಳಿಸುವುದಿಲ್ಲ, ಅವುಗಳ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ. ನಾಲ್ಕು ಉಪಗ್ರಹ ಕಂಡರೆ ತಾನಿರುವ ಜಾಗ ಅದಕ್ಕೆ ಗೊತ್ತಾಗುತ್ತದೆ. ನೆಟ್‌ವರ್ಕ್ ಇಲ್ಲದಾಗ ತಪ್ಪಿಹೋಗುವುದು ಎರಡು. ಒಂದು, ನಕ್ಷೆ, ಅದನ್ನು ಊರಿನಲ್ಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು. ಎರಡು, ಉಪಗ್ರಹಗಳು ಈಗ ಎಲ್ಲಿವೆ ಎಂಬ ಮಾಹಿತಿ. ಪಟ್ಟಣದಲ್ಲಿ ಅದು ಮೊಬೈಲ್ ಟವರಿನಿಂದ ಕ್ಷಣದಲ್ಲಿ ಬರುತ್ತದೆ. ಟವರಿಲ್ಲದ ಕಡೆ ಜಿಪಿಎಸ್ ಉಪಗ್ರಹವೇ ಅದನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕಳಿಸುತ್ತದೆ. ಅದಕ್ಕೇ ಬಯಲಿನಲ್ಲಿ ಫೋನು ಹಿಡಿದು ಒಂದೆರಡು ನಿಮಿಷ ಸುಮ್ಮನೆ ನಿಲ್ಲಬೇಕು. ಮಾತಾಡುವುದಕ್ಕಂತೂ ಟವರೇ ಬೇಕು. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಬೇಕು. ಸರ್ಕಾರದ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನು ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ.

ನಿರ್ಧಾರಗಳನ್ನು ಮೊದಲೇ ಬರೆದಿಡುವ ಮಾತಿಗೆ ಮರಳೋಣ. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲಿ ಕೂತು ಇಸ್ರೋದವರು ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವುದನ್ನು ನೋಡಿದರು. ಕೊನೆಯ ಇಪ್ಪತ್ತು ನಿಮಿಷ ಅವರು ಅದನ್ನು ನಡೆಸಲಿಲ್ಲ. ಯಾವ ಎತ್ತರದಲ್ಲಿ ಏನಾದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಅದರೊಳಗೆ ತುಂಬಿಟ್ಟಿದ್ದರು. ಸವಾರನ ಜೇಬಿನಲ್ಲೂ ಇಂಥ ಒಂದು ಹಾಳೆ ಇರಬೇಕು. ಫೋನಿನಲ್ಲಿ ಬೇಡ, ಕಾಗದದಲ್ಲಿ. ಚಳಿಗೆ ಬ್ಯಾಟರಿ ಕುಸಿಯುತ್ತದೆ.

ಹಾಳೆಯಲ್ಲಿ ಮೊದಲು ಬರೆಯಬೇಕಾದ್ದು ರಾತ್ರಿ ಮಲಗುವ ಜಾಗಗಳ ಎತ್ತರ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ ಈ ರಾತ್ರಿಯ ಜಾಗ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಎಂಬುದು ಪರ್ವತ ವೈದ್ಯರ ಸಲಹೆ. ಈ ಕಣ್ಣಿನಿಂದ ನೋಡಿದರೆ ಲೇಹ್‌ಗೆ ಹೋಗುವ ಎರಡು ದಾರಿಗಳ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಮನಾಲಿ ಸುಮಾರು 2,050 ಮೀಟರ್. ಅಲ್ಲಿಂದ ಹೊರಟು ಅನೇಕರು ಆ ರಾತ್ರಿಯೇ 4,290 ಮೀಟರಿನ ಸರ್ಚುವಿನಲ್ಲಿ ಮಲಗುತ್ತಾರೆ. ಒಂದೇ ದಿನಕ್ಕೆ ಎರಡು ಸಾವಿರ ಮೀಟರಿಗೂ ಹೆಚ್ಚು! 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಈ ಆತುರ ಇನ್ನೂ ಸುಲಭವಾಗಿದೆ. ಇನ್ನೊಂದು ದಾರಿಯಲ್ಲಿ ಮೊದಲು ಶ್ರೀನಗರದಲ್ಲಿ 1,600, ಸೋನಾಮಾರ್ಗದಲ್ಲಿ 2,700, ಕಾರ್ಗಿಲ್‌ನಲ್ಲಿ 2,700, ಆಮೇಲೆ ಲೇಹ್‌ನ 3,500. ದೇಹಕ್ಕೆ ಕೆಲವು ದಿನ ಸಿಗುತ್ತದೆ. ಹೋಗುವಾಗ ಶ್ರೀನಗರ, ಬರುವಾಗ ಮನಾಲಿ ಎಂಬ ಕ್ರಮವೇ ಸರಿ. ಮನಾಲಿಯಿಂದಲೇ ಹೋಗಬೇಕೆಂದರೆ ಜಿಸ್ಪಾದಲ್ಲೋ ಕೇಲಾಂಗ್‌ನಲ್ಲೋ ಎರಡು ರಾತ್ರಿ ಉಳಿಯಬೇಕು. ಎತ್ತರಕ್ಕೆ ಒಗ್ಗಿಕೊಳ್ಳಲು ಅಸೆಟಜೋಲಮೈಡ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಅದನ್ನು ಬೆಂಗಳೂರಿನಲ್ಲೇ ವೈದ್ಯರ ಹತ್ತಿರ ಕೇಳಿಕೊಳ್ಳಬೇಕು.

ಅದರ ಕೆಳಗೆ, ಪರ್ವತದ ಕಾಯಿಲೆಯನ್ನು ಅಳೆಯುವ ಲೇಕ್ ಲೂಯಿಸ್ ಪಟ್ಟಿಯ ನಾಲ್ಕು ಪ್ರಶ್ನೆ: ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ತಲೆನೋವೂ ಇದ್ದು ಒಟ್ಟು ಮೂರು ಅಥವಾ ಹೆಚ್ಚು ಆದರೆ ಅದು ಪರ್ವತದ ಕಾಯಿಲೆ, ಮೇಲೆ ಹೋಗುವಂತಿಲ್ಲ. ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಲಾಗದಿದ್ದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ, ಮಿದುಳು ಊದಿಕೊಳ್ಳುತ್ತಿದೆ ಅಥವಾ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಬೇಕು. ಆಗ ನಡುರಾತ್ರಿಯಾದರೂ ಸರಿ, ಬೈಕು ಅಲ್ಲೇ ಬಿಟ್ಟು, ಸಿಕ್ಕಿದ ಗಾಡಿಯಲ್ಲಿ ಕೆಳಗಿಳಿಯಬೇಕು. ಅಂಕ ಹಾಕುವುದು ಜೊತೆಯ ಸವಾರ, ಕಾಯಿಲೆಯವನಲ್ಲ. ಅದಕ್ಕಾಗಿಯೇ ಇಂಥ ದಾರಿಗೆ ಒಬ್ಬಂಟಿಯಾಗಿ ಹೋಗಬಾರದೆಂದು ನನ್ನ ಗಟ್ಟಿ ನಂಬಿಕೆ.

ಪೆಟ್ರೋಲಿನದು ಒಂದೇ ಸಾಲು. ಮನಾಲಿ ದಾರಿಯ ಟಾಂಡಿಯ ಬಂಕಿನಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ಎಂಬ ಫಲಕ ವರ್ಷಗಟ್ಟಲೆ ನಿಂತಿತ್ತು. ಲೀಟರಿಗೆ 30 ಕಿಲೋಮೀಟರ್ ಕೊಡುವ ಬೈಕಿಗೂ ಹನ್ನೆರಡು ಲೀಟರ್ ಮೀರುತ್ತದೆ. ಹಳ್ಳಗಳದು ಇನ್ನೊಂದು ಸಾಲು: ಹಿಮ ಕರಗಿ ಬರುವ ನೀರು ಬೆಳಿಗ್ಗೆ ಇಳಿದಿರುತ್ತದೆ, ಬಿಸಿಲೇರಿದಂತೆ ಉಕ್ಕುತ್ತದೆ. ಮಧ್ಯಾಹ್ನದೊಳಗೆ ಸಿಗದ ಹಳ್ಳವನ್ನು ಮರುದಿನ ಬೆಳಿಗ್ಗೆಯೇ ದಾಟುವುದು.

ಇದೇ ಹಾಳೆಯ ಇನ್ನೊಂದು ಪ್ರತಿ ಮನೆಯಲ್ಲಿರಬೇಕು, ಅಪ್ಪನ ಹತ್ತಿರವೋ ಅಕ್ಕನ ಹತ್ತಿರವೋ, ಗಾಬರಿಯಾಗದೆ ಫೋನು ಮಾಡಬಲ್ಲವರ ಕೈಯಲ್ಲಿ. ಯಾವ ರಾತ್ರಿ ಎಲ್ಲಿ ತಂಗುವುದು, ಎಷ್ಟು ಹೊತ್ತು ಸುದ್ದಿ ಬರದಿದ್ದರೆ ಕಾಯಬೇಕು, ಆಮೇಲೆ ಯಾರನ್ನು ಕೇಳಬೇಕು ಎಂಬುದೆಲ್ಲ ಅದರಲ್ಲಿರಲಿ. ಬೆಂಗಳೂರಿನಿಂದ 112 ಒತ್ತಿದರೆ ಸಿಗುವುದು ಕರ್ನಾಟಕದ ಕೇಂದ್ರ. ಹೊರಡುವ ಮುಂಚೆಯೇ ಲೇಹ್, ಕಾರ್ಗಿಲ್, ಲಾಹೌಲ್-ಸ್ಪಿತಿ ಜಿಲ್ಲೆಗಳ ಪೊಲೀಸ್ ಕಂಟ್ರೋಲ್ ರೂಮಿನ ನಂಬರುಗಳನ್ನು ಹುಡುಕಿ, ಒಮ್ಮೆ ಫೋನು ಹಚ್ಚಿ ಸರಿಯಿದೆಯೇ ಎಂದು ನೋಡಿಕೊಂಡು, ಹಾಳೆಯ ತಲೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕು.