ಓಟ ಮುಗಿದ ಮೇಲೆ ಏನು ತಿನ್ನಬೇಕು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಓಟಗಾರರಲ್ಲಿ ಹಲವರು ಬೆಳಗ್ಗೆ ಓಡಿ, ತಿಂಡಿ ಬಿಟ್ಟು ಬಸ್ಸು ಹಿಡಿಯುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಕಳೆದ ವರ್ಷ ಸ್ಪರ್ಧೆಯ ವಾರವೇ ನೆಗಡಿ, ಜ್ವರ ಬಂದು ಓಡಲಾಗಲಿಲ್ಲ.

1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಶೇ. 12.9 ಮಂದಿಗೆ ಮುಂದಿನ ವಾರ ನೆಗಡಿಯಂಥ ಸೋಂಕು ಕಾಣಿಸಿತು. ತರಬೇತಿ ಪಡೆದೂ ಓಡದವರಲ್ಲಿ ಶೇ. 2.2 ಮಾತ್ರ. ಇದಕ್ಕೆ ಓಟವೊಂದೇ ಕಾರಣವಲ್ಲ, ಜನಸಂದಣಿ, ಪ್ರಯಾಣ, ನಿದ್ದೆಗೇಡು ಕೂಡ ಇರಬಹುದು ಎಂದು ಈಗ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಆದರೆ ದೀರ್ಘ ಓಟದಲ್ಲಿ ರಕ್ತದ ಸಕ್ಕರೆ ಇಳಿದರೆ ಕಾರ್ಟಿಸೋಲ್ ಹಾರ್ಮೋನು ಏರುತ್ತದೆ. ಅದು ರೋಗನಿರೋಧಕ ಕೋಶಗಳ ಕೆಲಸವನ್ನು ಕುಗ್ಗಿಸುತ್ತದೆ.

ಆದ್ದರಿಂದ ದೀರ್ಘ ಓಟ ಮುಗಿದು ಒಂದು ಗಂಟೆಯೊಳಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಕಾರ್ಬೋಹೈಡ್ರೇಟ್, 0.3 ಗ್ರಾಂ ಪ್ರೋಟೀನ್ ಸೇವಿಸುವುದು ಒಳ್ಳೆಯದು. 50 ಕಿಲೋ ತೂಕದವರಿಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ ಸಾಕು. ದುಬಾರಿ ಪುಡಿ ಬೇಡ.

ರಂಜಾನ್‌ನಲ್ಲಿ ಇಫ್ತಾರ್‌ಗೆ ಸ್ವಲ್ಪ ಮುಂಚೆ ಹಗುರವಾಗಿ ಓಡಿದರೆ ಖರ್ಜೂರ, ನೀರು ಕೂಡಲೇ ಸಿಗುತ್ತವೆ. ಈಗ ನನ್ನ ಚೀಲದಲ್ಲಿ ಬಾಳೆಹಣ್ಣು, ಶೇಂಗಾ ಇದ್ದೇ ಇರುತ್ತವೆ. ನೀವೂ ಇಟ್ಟುಕೊಳ್ಳಿ. ಜ್ವರವಿದ್ದರೆ ಮಾತ್ರ ಓಡಬೇಡಿ.