ಹಾಡಿಗೂ ಮೊದಲೇ ಕೇಳುವ ಹಾಡು

ಪ್ರಶ್ನೆ: ರೇಡಿಯೋ ಕಚೇರಿಯ ಹಳೆಯ ಕ್ಯಾಸೆಟ್‌ನಲ್ಲಿ ಗಾಯಕರು ದನಿ ತೆಗೆಯುವ ಮೊದಲೇ ಅದೇ ಸ್ವರ ಮೆಲ್ಲಗೆ ಕೇಳುತ್ತದೆ. ಏಕೆ?

ಉತ್ತರ: ಅದು ಸುರುಳಿಯ ಕೆಲಸ. ಆಕಾಶವಾಣಿ 1952ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಮುಂದೆ ಎಷ್ಟೋ ರಸಿಕರು ಸಿ-90 ಕ್ಯಾಸೆಟ್‌ಗೆ ಇಳಿಸಿಕೊಂಡರು. ಪ್ರತಿ ಬದಿಗೆ 45 ನಿಮಿಷ ಹಿಡಿಸಲು ಅದರ ಟೇಪು ಸುಮಾರು 12 ಮೈಕ್ರಾನ್‌ನಷ್ಟೇ ದಪ್ಪ. ವರ್ಷಗಟ್ಟಲೆ ಕಪಾಟಿನಲ್ಲಿದ್ದರೆ ಒಂದು ಸುತ್ತಿನ ಕಾಂತೀಯ ಗುರುತು ಪಕ್ಕದ ಸುತ್ತಿಗೆ ಅಂಟುತ್ತದೆ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುವುದರಿಂದ ಆ ನೆರಳುದನಿ ಒಂದೂವರೆಯಿಂದ ಮೂರು ಸೆಕೆಂಡ್ ಮುಂಚೆ, ಕೆಲವೊಮ್ಮೆ ನಂತರ, ಕೇಳಿಸುತ್ತದೆ.

ತಂಬೂರಿ ಮಾತ್ರ ಮಿಡಿಯುವ ಮೌನದಲ್ಲಿ ಅದು ಎದ್ದು ಕಾಣುತ್ತದೆ.

ಕೇಳುವ ಮೊದಲು ಒಂದೆರಡು ಬಾರಿ ಪೂರ್ತಿ ಹಿಂದೆ ಮುಂದೆ ಸುತ್ತಿದರೆ ಈ ನೆರಳುದನಿ ತುಸು ತಗ್ಗುತ್ತದೆ. ಡಿಜಿಟಲ್‌ಗೆ ಇಳಿಸುವವರು ಇದನ್ನು ಖಂಡಿತ ಮಾಡಬೇಕು. ಮರುಪ್ರಸಾರವಾಗದ ಕಚೇರಿಗೆ ಆ ಕ್ಯಾಸೆಟ್ಟೇ ಕೊನೆಯ ಪ್ರತಿಯಾಗಿರಬಹುದು.